ಗುಂಡನ ಪಥ್ಯ

ಹೊಟ್ಟೆ ಕೊಯ್ಯಿಸಿಕೊಂಡ ನಾಯಿಯನ್ನು ಮನೆಯಲ್ಲಿಟ್ಟುಕೊಂಡು ನೋಡಿಕೊಳ್ಳುವುದು ಪುಣ್ಯದ ಕೆಲಸ ಎಂದು ಪಶು ಆಸ್ಪತ್ರೆಯ ವರಾಂಡದಲ್ಲಿ ಯಾರೋ ನನಗೆ ಹೇಳಿದರು. ಪುಣ್ಯದ ವಿಷಯ ನನಗೆ ಗೊತ್ತಿಲ್ಲ. ಆ ಒಂದು ವಾರದಲ್ಲಿ ನಾನು ಬೈದಷ್ಟು ನನ್ನ ಜನ್ಮದಲ್ಲೇ ಬೈದಿರಲಿಲ್ಲ. ನಾಯಿಯನ್ನು ಬೈದೆ, ಅಪ್ಪನನ್ನು ಬೈದೆ, ಅಕ್ಕಪಕ್ಕದವರನ್ನು, ಆಟೋದವರನ್ನು, ನಾಯಿಯ ಕೊರಳಿಗೆ ಕಟ್ಟುವ ಆ ಪ್ಲಾಸ್ಟಿಕ್ ಕಾಲರನ್ನು ಕಂಡುಹಿಡಿದ ಮಹಾನುಭಾವನನ್ನೂ ಬೈದೆ. ಹುಷಾರಿಲ್ಲದ ಪ್ರಾಣಿಯ ಪಕ್ಕ ಕೂತು ಪ್ರೀತಿಗಿಂತ ಹೆಚ್ಚಾಗಿ ಸಿಟ್ಟೇ ಬರುತ್ತಿದೆಯಲ್ಲ, ನಾನೆಂಥ ಮನುಷ್ಯಳು ಎಂದು ಯಾರಿಗಾದರೂ ಅನ್ನಿಸುತ್ತಿದ್ದರೆ ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ನಾವಿರುವುದು ಹಲಸೂರಿನ ಒಂದು ಹಳೇ ವಠಾರದಲ್ಲಿ. ಕೆಳಗೆ ಎರಡು ಮನೆ, ಮೇಲೆ ಒಂದು ಕೋಣೆ, ನಡುವೆ ಎಲ್ಲರಿಗೂ ಸೇರಿದ ಅಂಗಳ. ಕೆಳಗಿನ ಒಂದು ಮನೆಯಲ್ಲಿ ನಾನು, ಅಪ್ಪ ಮತ್ತು ಗುಂಡ. ನನಗೆ ನಲವತ್ತೇಳು. ಕಲ್ಯಾಣ ನಗರದಲ್ಲಿ ಹಲ್ಲಿನ ಡಾಕ್ಟರೊಬ್ಬರ ಕ್ಲಿನಿಕ್ಕಿನಲ್ಲಿ ರಿಸೆಪ್ಷನ್ ನೋಡಿಕೊಳ್ಳುತ್ತೇನೆ. ಅಪ್ಪನಿಗೆ ಎಪ್ಪತ್ತೆಂಟು. ಶಿವಾಜಿನಗರದ ಪ್ರೆಸ್ಸೊಂದರಲ್ಲಿ ಅಚ್ಚಿನ ಮೊಳೆ ಜೋಡಿಸುತ್ತಿದ್ದವರು. ಐದು ವರ್ಷದ ಹಿಂದೆ ಅವರಿಗೆ ಬೈಪಾಸ್ ಆಯಿತು. ಅಂದಿನಿಂದ ಅವರ ಊಟ, ಮಾತ್ರೆ, ನಿದ್ದೆ ಎಲ್ಲದರ ಮೇಲೂ ನನ್ನ ಕಣ್ಣು. ಗುಂಡ ಒಂಬತ್ತು ವರ್ಷದ ಬೀದಿ ನಾಯಿ, ಕಂದು ಬಣ್ಣ, ಒಂದು ಕಿವಿ ಮಾತ್ರ ನೆಟ್ಟಗೆ ನಿಲ್ಲುತ್ತದೆ.

ಅವನು ಮುಸುಕಿನ ಜೋಳದ ದಿಂಡನ್ನು ನುಂಗಿದ್ದ. ಕೆರೆಯ ಪಕ್ಕ ಸುಟ್ಟ ಜೋಳ ತಿಂದವರು ದಿಂಡನ್ನು ಅಲ್ಲೇ ಎಸೆದು ಹೋಗುತ್ತಾರೆ. ಸಂಜೆ ಅವನನ್ನು ತಿರುಗಾಡಿಸಲು ಕರೆದುಕೊಂಡು ಹೋಗಿದ್ದ ಅಪ್ಪ, ಹಳೆಯ ಸ್ನೇಹಿತರೊಬ್ಬರು ಸಿಕ್ಕರೆಂದು ನಿಂತು ಮಾತಾಡುತ್ತಿದ್ದರು. ಎರಡು ದಿನ ಅವನು ನೀರು ಕುಡಿದರೂ ಕಕ್ಕಿದ. ಕುಕ್ ಟೌನಿನ ಹಳೇ ಬಂಗಲೆಯೊಂದರಲ್ಲಿರುವ ಪಶು ಆಸ್ಪತ್ರೆಗೆ ಎತ್ತಿಕೊಂಡು ಹೋದೆವು. ಸ್ಕ್ಯಾನ್ ನೋಡಿದ ಡಾಕ್ಟರಮ್ಮ ದಿಂಡು ಕರುಳಲ್ಲಿ ಸಿಕ್ಕಿಕೊಂಡಿದೆ, ಸುತ್ತಲಿನ ಕರುಳು ಕಪ್ಪಾಗಿರಬಹುದು, ಇವತ್ತೇ ತೆಗೆಯಬೇಕು ಅಂದರು. ನಾನು ಎಲ್ಲರೆದುರಿಗೇ ಅಪ್ಪನ ಮೇಲೆ ಹರಿಹಾಯ್ದೆ.

"ಒಂದು ಹಗ್ಗ ಹಿಡ್ಕೊಂಡು ನಿಂತ್ಕೊಳ್ಳೋಕೆ ಆಗಲ್ವಾ ನಿನಗೆ? ಇವನು ಸತ್ರೆ ನಿನ್ನಿಂದಾನೇ ಸತ್ತ ಅಂತ ತಿಳ್ಕೊ."

ಅಪ್ಪ ಗುಂಡನ ಹಗ್ಗವನ್ನು ಕೈಗೆ ಸುತ್ತಿಕೊಂಡರು. ಪಕ್ಕದಲ್ಲಿ ಬೆಕ್ಕಿನ ಬುಟ್ಟಿ ಹಿಡಿದು ಕೂತಿದ್ದ ಹೆಂಗಸು ನೆಲ ನೋಡಿದಳು. ಇದು ಸೋಮವಾರದ ಮಾತು.

ಮೂರು ಗಂಟೆ ಕಾಯಿಸಿದರು. ಕ್ಲಿನಿಕ್ಕಿನಲ್ಲಿ ಕೂತವರಿಗೆ "ಇನ್ನೈದು ನಿಮಿಷ ಅಷ್ಟೇ" ಎಂದು ಹದಿನಾಲ್ಕು ವರ್ಷದಿಂದ ಹೇಳುತ್ತಾ ಬಂದವಳು ನಾನು. ಅದನ್ನು ಕೇಳಿಸಿಕೊಳ್ಳುವವರ ಪಾಡು ಏನೆಂದು ಅಂದು ತಿಳಿಯಿತು. ಐದು ನಿಮಿಷಕ್ಕೊಮ್ಮೆ ಎದ್ದು ಕೇಳಿದೆ, ಪ್ರತಿ ಸಲ ಅದೇ ಉತ್ತರ ಬಂತು. ಕೊನೆಗೆ ಗೇಣುದ್ದ ಕರುಳು ಕತ್ತರಿಸಿ ತೆಗೆದು, ಉಳಿದ ಎರಡು ತುದಿ ಸೇರಿಸಿ ಹೊಲಿದಿದ್ದೇವೆ ಅಂದರು. ಅಪ್ಪ ಗೋಡೆಗೆ ಒರಗಿ ಕಣ್ಣು ಒರೆಸಿಕೊಂಡರು.

ಬುಧವಾರ ಮನೆಗೆ ಕಳಿಸುವಾಗ ಡಾಕ್ಟರಮ್ಮ ಒಂದೊಂದೇ ಬಿಡಿಸಿ ಹೇಳಿದರು. ಅವರಿಗೆ ಮೂವತ್ತು ದಾಟಿದೆಯೋ ಇಲ್ಲವೋ, ಆದರೆ ಮಾತು ಕಡ್ಡಿ ಮುರಿದಂತೆ.

"ಮೇಲಿನ ಹೊಲಿಗೆ ಕಾಣುತ್ತೆ, ಒಳಗಿಂದು ಕಾಣಲ್ಲ. ಭಯ ಇರೋದು ಒಳಗಿಂದೇ. ಮೂರನೇ ದಿನದಿಂದ ಆರನೇ ದಿನದವರೆಗೆ ತುಂಬ ಹುಷಾರಾಗಿರಿ. ಅದು ಬಿಟ್ಕೊಂಡ್ರೆ ಹೊಟ್ಟೆಯೆಲ್ಲ ನಂಜಾಗುತ್ತೆ. ಉಪ್ಪಿಲ್ಲದ ಮೆತ್ತಗಿನ ಅನ್ನ, ಬೇಯ್ಸಿದ ಕೋಳಿ, ಸ್ವಲ್ಪ ಸ್ವಲ್ಪ, ಮೂರು ಗಂಟೆಗೊಂದ್ಸಲ. ಬೇರೆ ಏನೂ ಬೇಡ. ಹೊಲಿಗೆ ನೆಕ್ಕದ ಹಾಗೆ ಕೊರಳಿಗೆ ಹಾಕಿರೋ ಈ ಬುಟ್ಟಿಯಂಥ ಕಾಲರ್ ತೆಗೀಬೇಡಿ. ಪಾಪ ಅನ್ಸಿದ್ರೂ ತೆಗೀಬೇಡಿ."

ಮನೆಗೆ ಬಂದ ಮೇಲೆ ಶುರುವಾಯಿತು ನೋಡಿ. ಆ ಕಾಲರ್ ಹಾಕಿಕೊಂಡ ಗುಂಡ ಬಾಗಿಲಿಗೆ ಗುದ್ದಿದ, ಮಂಚಕ್ಕೆ ಗುದ್ದಿದ, ನನ್ನ ಮೊಣಕಾಲಿನ ಹಿಂಭಾಗಕ್ಕೆ ಗುದ್ದಿ ಗುದ್ದಿ ಅಲ್ಲಿ ಹಸಿರುಗಟ್ಟಿತು. ಮಾತ್ರೆಯನ್ನು ನಾಲಿಗೆಯ ಹಿಂದಿಟ್ಟು ಬಾಯಿ ಮುಚ್ಚಿ ಗಂಟಲು ನೀವಿದರೆ ನುಂಗಿದಂತೆ ನಟಿಸುತ್ತಿದ್ದ. ಹತ್ತು ನಿಮಿಷದ ನಂತರ ಅದೇ ಮಾತ್ರೆ ನನ್ನ ದಿಂಬಿನ ಮೇಲೆ ಸಿಗುತ್ತಿತ್ತು. ಅನ್ನದ ತಟ್ಟೆ ಮುಂದಿಟ್ಟರೆ ಮೂಸಿ ನನ್ನ ಮುಖ ನೋಡುತ್ತಿದ್ದ. ಕೈಯಲ್ಲಿ ತಿನ್ನಿಸಿದರೆ ಎರಡು ತುತ್ತು ತಿಂದು ಉಗಿಯುತ್ತಿದ್ದ. ಅಡುಗೆಮನೆಯಲ್ಲಿ ನಿಂತು ಉಪ್ಪಿಲ್ಲದ ಕೋಳಿ ಬೇಯಿಸುವಾಗ ಆ ವಾಸನೆಗೇ ನನ್ನ ತಲೆ ಕೆಟ್ಟುಹೋಗುತ್ತಿತ್ತು.

ಸಾಲದ್ದಕ್ಕೆ ಜನ. ನಮ್ಮ ಕಡೆ ಕಾಯಿಲೆಯವರನ್ನು ಬರಿಗೈಯಲ್ಲಿ ನೋಡಲು ಯಾರೂ ಬರುವುದಿಲ್ಲ. ಮನುಷ್ಯರಾದರೆ ಬ್ರೆಡ್ಡು, ಎಳನೀರು, ಮೋಸಂಬಿ. ನಾಯಿಯಾದರೂ ಅದೇ ಮರ್ಯಾದೆ. ಮೇಲಿನ ಕೋಣೆಯ ಮಲ್ಲಮ್ಮ ಗುರುವಾರ ಬೆಳಿಗ್ಗೆಯೇ ಒಂದು ಲೋಟ ಅಂಬಲಿ ಹಿಡಿದು ಬಂದಳು. ಅವಳೂ ಗಂಡನೂ ಕಲಬುರ್ಗಿ ಕಡೆಯವರು, ಮಹದೇವಪುರದಲ್ಲಿ ಕಟ್ಟಡದ ಕೆಲಸಕ್ಕೆ ಹೋಗುತ್ತಾರೆ.

"ಅಕ್ಕಾರ, ಜ್ವಾಳದ ಅಂಬಲಿ ಅದರಿ, ಹೊಟ್ಟಿಗಿ ತಂಪು."

"ಬೇಡಮ್ಮ. ಡಾಕ್ಟ್ರು ಏನೂ ಕೊಡ್ಬೇಡಿ ಅಂದಿದಾರೆ."

"ಅಂಬಲಿಗಿ ಯಾವ ಡಾಕ್ಟರ್ ಬ್ಯಾಡ ಅಂತಾರ್ರೀ?"

ಜೋಳದಿಂದಲೇ ಈ ಗತಿ ಬಂದಿದೆ ಕಣೇ ಎಂದು ನಾನು ರೇಗಿದೆ. ಅದು ಬೇರೆ ಜ್ವಾಳ, ಇದು ಬೇರೆ ಜ್ವಾಳ ಎಂದು ಅವಳು ಗೊಣಗುತ್ತಾ ಮೆಟ್ಟಿಲು ಹತ್ತಿದಳು.

ಎದುರು ಮನೆಯ ಶಾಹಿದಾ ಆಪಾ ಬಂದಿದ್ದು ಪಾಯಾ ತೆಗೆದುಕೊಂಡು. ಕುರಿಯ ಕಾಲುಗಳನ್ನು ಉಪ್ಪು ಖಾರ ಜೋರಾಗಿ ಹಾಕಿ ಸಣ್ಣ ಉರಿಯಲ್ಲಿ ಗಂಟೆಗಟ್ಟಲೆ ಬೇಯಿಸಿದ ಸೂಪು, ಮೇಲೆ ಬೆರಳು ದಪ್ಪ ಕೊಬ್ಬು. ದಂಡು ಎಂದು ಕರೆಯುವ ನಮ್ಮ ಕಂಟೋನ್ಮೆಂಟ್ ಕಡೆಯ ಮನೆಗಳಲ್ಲಿ ಬಾಣಂತಿಗೂ ಅದೇ, ಮೂಳೆ ಮುರಿದವರಿಗೂ ಅದೇ, ಆಪರೇಷನ್ ಆದವರಿಗೂ ಅದೇ. ಆಪಾ ನನ್ನನ್ನು ಲಂಗ ದಾವಣಿಯ ಕಾಲದಿಂದ ನೋಡಿದವರು. ಗುಂಡ ಮರಿಯಾಗಿದ್ದಾಗ ಮೊದಲು ಹಾಲು ಹಾಕಿದವರೂ ಅವರೇ.

"ಹೊಟ್ಟೆ ಕೊಯ್ದಿದಾರೆ ಬೇಟಾ, ತಾಖತ್ ಎಲ್ಲಿಂದ ಬರ್ತದೆ? ಒಂದು ಬಟ್ಟಲು ಕುಡೀಲಿ."

"ಆಪಾ, ನಿಮ್ಮ ಕಾಲಿಗೆ ಬೀಳ್ತೀನಿ. ಅವನಿಗೆ ಇದು ವಿಷ."

ಆಪಾ ಮುಖ ಸಣ್ಣದು ಮಾಡಿಕೊಂಡು ಪಾತ್ರೆ ವಾಪಸ್ ತೆಗೆದುಕೊಂಡು ಹೋದರು. ನಾನು ಅಂದೇ ಒಂದು ರಟ್ಟಿನ ಮೇಲೆ "ಗುಂಡನಿಗೆ ಯಾರೂ ಏನೂ ತಿನ್ನಿಸಬೇಡಿ" ಎಂದು ದಪ್ಪಕ್ಷರದಲ್ಲಿ ಬರೆದು ಬಾಗಿಲಿಗೆ ತೂಗುಹಾಕಿದೆ. ಫ್ರಿಜ್ಜಿನ ಮೇಲೆ ಇನ್ನೊಂದು ಹಾಳೆ ಅಂಟಿಸಿ, ಊಟ ಮತ್ತು ಮಾತ್ರೆಯ ಹೊತ್ತು ಬರೆದು, ಪಕ್ಕದಲ್ಲಿ ಗುರುತು ಹಾಕಲು ಪೆನ್ಸಿಲ್ ಕಟ್ಟಿದೆ. ಶುಕ್ರವಾರದಿಂದ ನಾನು ಕೆಲಸಕ್ಕೆ ಹೋಗಲೇಬೇಕಿತ್ತು. ಒಂದು ನಾಯಿಗೆ ಇಷ್ಟು ರಜೆಯಾ ಎಂದು ನಮ್ಮ ಡಾಕ್ಟರು ಆಗಲೇ ಎರಡು ಸಲ ಕೇಳಿದ್ದರು. ಹಗಲು ಗುಂಡನನ್ನು ನೋಡಿಕೊಳ್ಳುವುದು ಅಪ್ಪನ ಪಾಲಿಗೆ ಬಂತು. ಹೊರಡುವಾಗ ಹಾಳೆಯನ್ನು ಬೆರಳಿಟ್ಟು ತೋರಿಸಿ ಎಚ್ಚರಿಸಿದೆ.

"ಈ ಸಲನೂ ಏನಾದ್ರೂ ಎಡವಟ್ಟು ಮಾಡಿದ್ರೆ ನಾನು ಮನುಷ್ಯಳಾಗಿರಲ್ಲ."

"ಆಯ್ತಮ್ಮ," ಅಂದರು ಅಪ್ಪ.

ಸಂಜೆ ಬಂದು ನೋಡಿದರೆ ಎಲ್ಲಾ ಸಾಲಿನಲ್ಲೂ ಪೆನ್ಸಿಲ್ ಗುರುತು, ತಟ್ಟೆ ಖಾಲಿ. ನಾನು ಕೊಟ್ಟರೆ ಉಗಿಯುವ ನಾಯಿ ಅಪ್ಪನ ಕೈಯಲ್ಲಿ ಪೂರ್ತಿ ತಿಂದಿದ್ದ. ನನಗೆ ಸಮಾಧಾನಕ್ಕಿಂತ ಹೊಟ್ಟೆಕಿಚ್ಚೇ ಹೆಚ್ಚಾಯಿತು.

ಶನಿವಾರ ಮಧ್ಯಾಹ್ನ ಅಪ್ಪನ ಫೋನು ಬಂತು. "ವನಜಾ, ಗುಂಡ ಕಕ್ಕಿದ. ಮೂರು ಸಲ." ಆಪರೇಷನ್ ಆಗಿ ಐದನೇ ದಿನ. ಬ್ಯಾಗು ಹೆಗಲಿಗೆ ಹಾಕಿಕೊಂಡು ಯಾರಿಗೂ ಹೇಳದೆ ಹೊರಟೆ. ಕುಕ್ ಟೌನಿನ ಮೇಲೆಯೇ ಹಾದು ಹಲಸೂರಿಗೆ ಬಂದು, ಗುಂಡನನ್ನು ಬೆಡ್‌ಶೀಟಿನಲ್ಲಿ ಸುತ್ತಿಕೊಂಡು, ಮತ್ತೆ ಕುಕ್ ಟೌನಿಗೆ ಹೋಗಬೇಕಿತ್ತು. ಎರಡು ಆಟೋದವರು ನಾಯಿ ನೋಡಿ ತಲೆ ಆಡಿಸಿ ಹೊರಟುಹೋದರು. ಮೂರನೆಯವನು ಗುಂಡನ ಹೊಟ್ಟೆಯ ಪಟ್ಟಿ ನೋಡಿದ. "ಹತ್ತಿ ಮೇಡಂ, ಕಕ್ಕಿದ್ರೆ ಸೀಟ್ ತೊಳ್ಕೊಂತೀನಿ" ಅಂದ. ಅವನಿಗೆ ನಾನು ಥ್ಯಾಂಕ್ಸ್ ಹೇಳಿದೆನೋ ಇಲ್ಲವೋ ನೆನಪಿಲ್ಲ.

ಡಾಕ್ಟರಮ್ಮ ಹೊಟ್ಟೆ ಒತ್ತಿ ನೋಡಿದರು, ಜ್ವರ ನೋಡಿದರು, ಸ್ಕ್ಯಾನ್ ಮಾಡಿದರು. ಗುಂಡ ಯಾವತ್ತೂ ಇಲ್ಲದ ಹಾಗೆ ಸುಮ್ಮನೆ ಮಲಗಿದ್ದ.

"ಹೊಟ್ಟೇಲಿ ಸ್ವಲ್ಪ ನೀರು ಕಾಣ್ತಿದೆ. ಆಪರೇಷನ್ ಆದ್ಮೇಲೆ ಇಷ್ಟು ಇರಬಹುದು, ಹೊಲಿಗೆ ಸೋರ್ತಾ ಇದ್ರೂ ಇರಬಹುದು. ಬೇರೆ ಏನಾದ್ರೂ ತಿಂದಿದಾನಾ?"

"ಇಲ್ಲ," ಅಂದೆ ನಾನು. ಫೋನಿನಲ್ಲಿ ತೆಗೆದಿಟ್ಟಿದ್ದ ಹಾಳೆಯ ಫೋಟೊ ತೋರಿಸಿದೆ. ಅದರ ಮೇಲೆ ನನಗೆ ಹೆಮ್ಮೆ ಕೂಡ ಇತ್ತು. ಆಮೇಲೆ ಅಪ್ಪನ ಕಡೆ ತಿರುಗಿದೆ. "ಅಪ್ಪಾ, ಏನೂ ಕೊಟ್ಟಿಲ್ಲ ತಾನೇ?"

"ಇಲ್ಲಮ್ಮ."

"ಸರಿಯಾಗಿ ಯೋಚ್ನೆ ಮಾಡಿ ಹೇಳಿ," ಅಂದರು ಡಾಕ್ಟರಮ್ಮ. "ಕೊಬ್ಬಿನ ಪದಾರ್ಥ ಏನಾದ್ರೂ ತಿಂದಿದ್ರೆ ಅದಕ್ಕೇ ಕಕ್ಕಿದಾನೆ ಅಂದ್ಕೊಂಡು, ಡ್ರಿಪ್ ಹಾಕಿ ಸಂಜೆವರೆಗೆ ಕಾಯಬಹುದು. ಏನೂ ತಿಂದಿಲ್ಲ ಅಂದ್ರೆ ನಾನು ಕಾಯೋಕಾಗಲ್ಲ, ಮತ್ತೆ ಓಪನ್ ಮಾಡಿ ನೋಡ್ಬೇಕು. ವಯಸ್ಸಾಗಿದೆ, ವಾರದೊಳಗೆ ಎರಡನೇ ಸಲ ಅನಸ್ತೇಶಿಯಾ. ಏಳದೇ ಇರಬಹುದು, ಅದನ್ನ ಮುಚ್ಚಿಡಲ್ಲ."

ಅಪ್ಪ ಮತ್ತೆ ಇಲ್ಲ ಎಂಬಂತೆ ತಲೆ ಆಡಿಸಿದರು. ನಾನು ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದೆ. ಸೋಮವಾರ ಹಾಕಿದ ಸಹಿಗಿಂತ ಇದು ವಕ್ರವಾಗಿ ಬಿತ್ತು. ಚೀಟಿ ಕೊಟ್ಟು ಎದುರು ರಸ್ತೆಯ ಮೆಡಿಕಲ್ ಶಾಪಿನಿಂದ ಔಷಧಿ ತರಲು ಹೇಳಿದರು. ಅಲ್ಲಿ ನನ್ನ ಮುಂದೆ ನಾಲ್ಕು ಜನ ನಿಂತಿದ್ದರು. ಒಬ್ಬ ಶಾಂಪೂ ಯಾವುದು ಒಳ್ಳೆಯದೆಂದು ವಿಚಾರಿಸುತ್ತಿದ್ದ. ಅವನನ್ನು ಪಕ್ಕಕ್ಕೆ ತಳ್ಳುವ ಹಾಗಾಯಿತು.

ಔಷಧಿ ಹಿಡಿದು ಓಡಿ ಬಂದೆ. ಒಳಕೋಣೆಯ ಬಾಗಿಲು ಅರ್ಧ ತೆರೆದಿತ್ತು. ಡಾಕ್ಟರಮ್ಮ ಕೈ ತೊಳೆಯುತ್ತಾ ನಿಂತಿದ್ದರು. ಅಪ್ಪ ಅವರ ಹಿಂದೆ, ಪ್ರೆಸ್ಸಿನ ಯಜಮಾನರ ಮುಂದೆ ನಿಂತಂತೆ ಕೈಕಟ್ಟಿಕೊಂಡು ನಿಂತಿದ್ದರು.

"ಡಾಕ್ಟ್ರೇ, ಪಾಯಾ ಕುಡಿದಿದಾನೆ. ನಿನ್ನೆ ಸ್ವಲ್ಪ, ಇವತ್ತು ಹನ್ನೊಂದು ಗಂಟೆಗೆ ಒಂದು ಬಟ್ಟಲು ಪೂರ್ತಿ. ನಾನೇ ಕೊಟ್ಟೆ."

ಡಾಕ್ಟರಮ್ಮ ನಲ್ಲಿ ನಿಲ್ಲಿಸಿದರು. "ಎಲುಬು?"

"ಇಲ್ಲ, ಎಲುಬು ಕೊಡ್ಲಿಲ್ಲ. ಬಟ್ಟೇಲಿ ಸೋಸಿ ಕೊಟ್ಟೆ." ಅಪ್ಪ ಮತ್ತೆ ಹೇಳಿದರು. "ನನ್ನ ಮಗಳಿಗೆ ಹೇಳ್ಬೇಡಿ. ದಿಂಡು ನುಂಗಿದ್ದೂ ನನ್ನಿಂದಾನೇ. ಇದನ್ನೂ ಕೇಳಿದ್ರೆ ಅವಳು ನನ್ನನ್ನ ಮನೇಲಿ ಇಟ್ಕೊಳ್ಳಲ್ಲ."

ನಾನು ಬಾಗಿಲ ಹೊರಗೆ ನಿಂತೇ ಇದ್ದೆ. ನಿಜ ಹೇಳಬೇಕೆಂದರೆ ಮೊದಲು ಬಂದಿದ್ದು ಸಿಟ್ಟೇ. ಒಳಗೆ ನುಗ್ಗಿ ಕಿರುಚಲು ಬಾಯಿ ಕೂಡ ತೆರೆದಿದ್ದೆ. ಅಷ್ಟರಲ್ಲಿ ಅವರ ಕೊನೆಯ ಮಾತು ಕಿವಿಯೊಳಗೆ ಇಳಿಯಿತು. ನನ್ನನ್ನು ಸಾಕಿ ಬೆಳೆಸಿದ ಮನುಷ್ಯ ನನ್ನ ಮನೆಯಿಂದ ಹೊರಬೀಳುವ ಭಯದಲ್ಲಿದ್ದರು. ಆ ಭಯ ಎಷ್ಟಿತ್ತೆಂದರೆ, ಒಂಬತ್ತು ವರ್ಷ ತಮ್ಮ ಕಾಲಬುಡದಲ್ಲಿ ಮಲಗಿದ ನಾಯಿಯ ಹೊಟ್ಟೆಯನ್ನು ಎರಡನೇ ಸಲ ಕೊಯ್ಯಲು ಹೊರಡುವ ತನಕ ಅವರು ಬಾಯಿ ಬಿಡಲಿಲ್ಲ. ಮೆಡಿಕಲ್ ಶಾಪಿನಲ್ಲಿ ಜನ ಇಲ್ಲದೆ ನಾನು ಬೇಗ ಬಂದಿದ್ದರೆ ಅವರು ಹೇಳುತ್ತಲೇ ಇರಲಿಲ್ಲ.

ಡಾಕ್ಟರಮ್ಮ ಹೊರಗೆ ಬಂದು ನನ್ನ ಮುಖ ನೋಡಿದರು. ಕೇಳಿಸಿಕೊಂಡಿದ್ದೇನೆಂದು ಅವರಿಗೆ ಗೊತ್ತಾಯಿತು.

"ಸಂಜೆವರೆಗೆ ಕಾಯೋಣ. ಡ್ರಿಪ್ ಹಾಕ್ತೀನಿ," ಅಂದರು. ಹೋಗುವ ಮುನ್ನ ದನಿ ತಗ್ಗಿಸಿದರು. "ಏನು ತಿಂದ ಅಂತ ನಾನು ಕೇಳಿದಾಗ ನಿಮ್ಮ ತಂದೆ ನನ್ನ ಮುಖ ನೋಡ್ಲಿಲ್ಲ, ನಿಮ್ಮ ಮುಖ ನೋಡಿದ್ರು. ಅದು ಆಗಲೇ ನನಗೆ ಹೊಳೀಬೇಕಿತ್ತು."

ವರಾಂಡದ ಬೆಂಚಿನ ಮೇಲೆ ನಾವಿಬ್ಬರೂ ಕೂತೆವು. ಗಂಟೆ ಮೂರಾಯಿತು, ನಾಲ್ಕಾಯಿತು. ಅಪ್ಪ ಪಂಚೆಯ ಅಂಚನ್ನು ಮಡಿಸುವುದು, ಬಿಡಿಸುವುದು ಮಾಡುತ್ತಿದ್ದರು.

"ಬೈಯೋದಿದ್ರೆ ಬೈದ್ಬಿಡು," ಅಂದರು ಕೊನೆಗೆ.

ಅವರೇ ಮುಂದುವರಿಸಿದರು.

"ಉಪ್ಪಿಲ್ಲದ್ದು ಬಾಯಿಗೆ ಹೋಗಲ್ಲ ಕಣೆ. ತಟ್ಟೆ ನೋಡಿ ಮುಖ ತಿರುಗಿಸ್ಕೊಂಡು ಮಲಗ್ತಿದ್ದ. ಏನೂ ತಿನ್ನದೆ ಹೋಗ್ಬಿಟ್ರೆ ಅಂತ ಹೆದರಿಕೆ ಆಯ್ತು. ಅನ್ನಕ್ಕೆ ಎರಡು ಚಮಚ ಪಾಯಾ ಹಾಕ್ದೆ, ಗಬಗಬ ಅಂತ ತಿಂದ. ಎಷ್ಟು ಖುಷಿ ಆಯ್ತು ಗೊತ್ತಾ ನನಗೆ? ಇವತ್ತು ಇನ್ನೂ ಬೇಕು ಅಂತ ಕಾಲು ಕೆರೆದ. ಕೊಟ್ಟೆ."

"ಪಾಯಾ ಎಲ್ಲಿಂದ ಬಂತು?"

"ಆಪಾ ಕೊಟ್ರು. ಗುಂಡನಿಗಲ್ಲ, ನಿಮಗೆ, ಅಂತ ಹೇಳಿ ಕೊಟ್ರು. ನೀನು ಬೋರ್ಡ್ ಹಾಕಿದ್ದು ಗುಂಡನಿಗೆ ತಾನೇ?" ಹೇಳುವಾಗ ಅವರ ತುಟಿಯಲ್ಲಿ ಒಂದು ನಗು ಬಂದು ಹೋಯಿತು. "ಪಾತ್ರೆ ಖಾಲಿ ವಾಪಸ್ ಕೊಡ್ಬಾರ್ದಲ್ಲ, ದಿನಾ ಎರಡು ಬಾಳೆಹಣ್ಣು ಇಟ್ಟು ಕಳಿಸ್ದೆ."

ಸಂಜೆಯ ಹೊತ್ತಿಗೆ ಗುಂಡ ಕಕ್ಕುವುದು ನಿಂತಿತು. ರಾತ್ರಿ ಅಲ್ಲೇ ಇರಿಸಿಕೊಂಡರು. ಭಾನುವಾರ ಮಧ್ಯಾಹ್ನ ಮತ್ತೆ ಸ್ಕ್ಯಾನ್ ಮಾಡಿ, ನೀರು ಹೆಚ್ಚಾಗಿಲ್ಲ, ಜ್ವರ ಇಳಿದಿದೆ, ಹೊಲಿಗೆ ಗಟ್ಟಿಯಾಗಿದೆ ಅನ್ನಿಸುತ್ತದೆ, ಕರೆದುಕೊಂಡು ಹೋಗಿ ಅಂದರು. ಅವನು ಕಾಲರ್ ಸಮೇತ ನನ್ನ ಮೊಣಕಾಲಿಗೆ ಗುದ್ದಿದ. ಆ ನೋವಿಗೇ ನನಗೆ ಅಳು ಬಂತು.

ಮನೆಗೆ ಬಂದಾಗ ಆಪಾ ಅಂಗಳದಲ್ಲೇ ಕಾಯುತ್ತಿದ್ದರು, ಕೈಯಲ್ಲಿ ಏನೂ ಇರಲಿಲ್ಲ. "ಮಾಫ್ ಕರ್ ಬೇಟಾ," ಅಂದರು. "ಗುಂಡ ಒಂದೆರಡು ಗುಟುಕು ಕುಡೀಲಿ ಅಂತ ಮನಸ್ಸಲ್ಲಿ ಇತ್ತು, ಸುಳ್ಳು ಹೇಳಲ್ಲ. ಆದ್ರೆ ನಿಮ್ಮ ಅಬ್ಬಾಗೂ ಅಂತಾನೇ ಕೊಟ್ಟಿದ್ದು. ಆಪರೇಷನ್ ಆದ ಸೋಮವಾರದಿಂದ ದಿನಾ, ನೀನಿಲ್ಲದ ಹೊತ್ತಲ್ಲಿ, ಎರಡು ಬಟ್ಟಲು ಕುಡೀತಿದ್ರು, ಅಲ್ಲಾ ಕಸಂ, ಎಷ್ಟು ಖುಷಿಯಾಗಿ ಕುಡೀತಿದ್ರು."

ಸೋಮವಾರದಿಂದ ದಿನಾ ಎರಡು ಬಟ್ಟಲು. ಒಳಗೆ ಹೋಗಿ ಗುಂಡನನ್ನು ಅವನ ಚಾಪೆಯ ಮೇಲೆ ಮಲಗಿಸಿದೆ. ಅಪ್ಪ ಮಂಚದ ಮೇಲೆ ಕೂತು ಉಸಿರು ಸುಧಾರಿಸಿಕೊಳ್ಳುತ್ತಿದ್ದರು. ಆಟೋದಿಂದ ಬಾಗಿಲಿಗೆ ಇಪ್ಪತ್ತು ಹೆಜ್ಜೆ ಕೂಡ ಇಲ್ಲ. ಬೈಪಾಸ್ ಮಾಡಿದ ಡಾಕ್ಟರು, ಉಪ್ಪು ಹೆಚ್ಚಾದರೆ ಮೈಯಲ್ಲಿ ನೀರು ನಿಲ್ಲುತ್ತದೆ, ಅದು ಮೊದಲು ಕಾಲಲ್ಲಿ ಕಾಣುತ್ತದೆ ಎಂದು ನನಗೇ ಹೇಳಿದ್ದರು. ಆ ವಾರವೆಲ್ಲ ನಾನು ಹೊಲಿಗೆ ನೋಡಿದೆ, ಮಾತ್ರೆ ನೋಡಿದೆ, ಹಾಳೆ ನೋಡಿದೆ. ಅಪ್ಪನನ್ನು ನೋಡಿರಲಿಲ್ಲ.

ನಾನು ಅವರ ಮುಂದೆ ನೆಲದ ಮೇಲೆ ಕೂತೆ.

"ಅಪ್ಪಾ, ಕಾಲು ತೋರ್ಸು."

"ಏನಿಲ್ಲ ಬಿಡು."

"ಬೈಯಲ್ಲ. ತೋರ್ಸು."

ಅವರು ಬಹಳ ಹೊತ್ತು ನನ್ನ ಮುಖವನ್ನೇ ನೋಡಿದರು. ಆಮೇಲೆ ಪಂಚೆಯನ್ನು ಸ್ವಲ್ಪ ಮೇಲೆತ್ತಿದರು. ಪಾದ ಊದಿಕೊಂಡು ಹೊಳೆಯುತ್ತಿತ್ತು, ಚಪ್ಪಲಿಯ ಪಟ್ಟಿ ಕೂತ ಜಾಗದಲ್ಲಿ ಗೆರೆ ಬಿದ್ದಿತ್ತು. ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿದೆ. ಕೈ ತೆಗೆದ ಮೇಲೂ ಗುಳಿ ಹಾಗೇ ಉಳಿಯಿತು.

"ಎಷ್ಟು ದಿನ ಆಯ್ತು?"

"ಗುರುವಾರದಿಂದ ಇರಬೇಕು. ರಾತ್ರಿ ಮಲಗಿದ್ರೆ ಉಸಿರು ಕಟ್ಟುತ್ತೆ. ಕೂತ್ಕೊಂಡೇ ನಿದ್ದೆ ಮಾಡ್ತೀನಿ."

ನಾನು ಬೈಯಲಿಲ್ಲ. ಯಾಕೆ ಹೇಳಲಿಲ್ಲ ಎಂದು ಕೇಳಲೂ ಇಲ್ಲ, ಉತ್ತರ ನನಗೆ ಗೊತ್ತಿತ್ತು. ಒಂದು ಕೈಯಲ್ಲಿ ಅವರ ಪಾದ ಹಿಡಿದುಕೊಂಡೇ ಇನ್ನೊಂದು ಕೈಯಲ್ಲಿ ಫೋನು ತೆಗೆದು ಅವರ ಡಾಕ್ಟರ ನಂಬರು ಹುಡುಕಿದೆ. ಈಗಲೇ ಹೊರಡೋಣ, ಗುಂಡನನ್ನು ಮಲ್ಲಮ್ಮ ನೋಡಿಕೊಳ್ಳುತ್ತಾಳೆ ಅಂದೆ.

ಅಪ್ಪ ಸರಿ ಎಂದು ತಲೆ ಆಡಿಸಿ, ಇನ್ನೊಂದು ಕಾಲನ್ನೂ ತೋರಿಸಿದರು.